ಟಬ್ಬಿನಿಂದ ಶುರು ಮಾಡಿ, ಡೇಟಾಬೇಸಿನಿಂದಲ್ಲ

ಪ್ರಶ್ನೆ: ಮಂಗಳೂರಿನ ಹತ್ತಿರದ ಒಂದು ಸುರಿಮಿ (ಕೊಚ್ಚಿ ತೊಳೆದ ಮೀನಿನ ಮಾಂಸ) ಘಟಕದಲ್ಲಿ ಗುಣಮಟ್ಟ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಓದಿದ್ದು ಜೀವರಸಾಯನ ಎಂ.ಎಸ್ಸಿ. ರಾಣಿ ಮೀನಿನ ತಲೆ, ಚರ್ಮ, ಮುಳ್ಳು, ಕರುಳು ಎಲ್ಲ ಒಂದೇ ಲಾರಿಯಲ್ಲಿ ಫಿಶ್‌ಮೀಲ್ ಕಾರ್ಖಾನೆಗೆ ಹೋಗುತ್ತವೆ. ಸಿಗುವ ದರ ಹೇಳಿಕೊಳ್ಳುವಂಥದ್ದಲ್ಲ. ಇದರಲ್ಲೇ ರಕ್ತದೊತ್ತಡ ಇಳಿಸುವ ಚಿಕ್ಕ ಪ್ರೋಟೀನ್ ತುಣುಕುಗಳು, ಅಂದರೆ ಪೆಪ್ಟೈಡ್‌ಗಳಿವೆ, ಈಗ ಲ್ಯಾಬ್ ಬೇಕಿಲ್ಲ, ಕಂಪ್ಯೂಟರಿನಲ್ಲೇ ಹುಡುಕಬಹುದು ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಬಯೋಪೆಪ್ ಎಂಬ ಪೆಪ್ಟೈಡ್ ಡೇಟಾಬೇಸ್, ಅಣುವನ್ನು ಕಿಣ್ವದೊಳಗೆ ಕೂರಿಸಿ ನೋಡುವ ಡಾಕಿಂಗ್ ಎಂದೆಲ್ಲ ಓದಿದೆ, ತಲೆ ಚಿಟ್ಟು ಹಿಡಿಯಿತು. ನನ್ನ ಹತ್ತಿರ ಒಂದು ಲ್ಯಾಪ್‌ಟಾಪ್ ಇದೆ, ಸಂಜೆ ಎರಡು ಗಂಟೆ ಬಿಡುವಿದೆ. ಇದು ನಿಜಕ್ಕೂ ಆಗುವ ಕೆಲಸವೇ? ಎಲ್ಲಿಂದ ಶುರು ಮಾಡಲಿ? ಇನ್ನೊಂದು: ನಮ್ಮ ಅಮ್ಮನಿಗೆ ಬಿಪಿ ಇದೆ. ಮೀನಿನ ಚರ್ಮದ ಸಾರು ಮಾಡಿ ಕೊಟ್ಟರೆ ಉಪಯೋಗವಾದೀತೇ?

ಉತ್ತರ: ಮೊದಲು ಅಮ್ಮನ ವಿಷಯ ಮುಗಿಸಿಬಿಡೋಣ. ಸಾರು ಮಾಡಿ ಕೊಡಿ, ರುಚಿಗೆ. ಉಪ್ಪು ಕಡಿಮೆ ಹಾಕಿ. ಮಾತ್ರೆ ಮಾತ್ರ ನಿಲ್ಲಿಸಬೇಡಿ. ಯಾಕೆ ಎನ್ನುವುದಕ್ಕೆ ಲೆಕ್ಕ ಮುಂದೆ ಬರುತ್ತದೆ.

ಇನ್ನು ನಿಮ್ಮ ಪ್ರಶ್ನೆ. ಲ್ಯಾಪ್‌ಟಾಪ್ ಸಾಕು. ಬೇಕಾದ ತಂತ್ರಾಂಶಗಳಲ್ಲಿ ಹೆಚ್ಚಿನವು ಪುಕ್ಕಟೆ. ಆದರೆ ಕಂಪ್ಯೂಟರ್ ಪೆಪ್ಟೈಡನ್ನು ಹುಡುಕಿ ಕೈಗೆ ಕೊಡುತ್ತದೆ ಎಂದುಕೊಂಡರೆ ಎಡವುತ್ತೀರಿ. ಯಾವುದರ ಹಿಂದೆ ಹೋಗಬಾರದು ಎಂದು ಹೇಳುವುದರಲ್ಲಿ ಅದು ಗಟ್ಟಿಗ. ಸಾವಿರ ಸಾಧ್ಯತೆಗಳಲ್ಲಿ ಒಂಬೈನೂರ ತೊಂಬತ್ತನ್ನು ಒಂದು ವಾರದಲ್ಲಿ ಹೊಡೆದುಹಾಕಿದರೆ ಅದೇ ದೊಡ್ಡ ಉಳಿತಾಯ. ಉಳಿದ ಹತ್ತರ ಬಗ್ಗೆ ಕೊನೆಯ ಮಾತು ಹೇಳುವುದು ಪ್ರನಾಳವೇ.

ಕಥೆ ಹಾವಿನಿಂದ ಶುರುವಾಗುತ್ತದೆ. ಬ್ರೆಜಿಲ್‌ನ ಜರರಾಕಾ ಎಂಬ ಮಂಡಲದ ಜಾತಿಯ ಹಾವು ಕಚ್ಚಿದವರಿಗೆ ರಕ್ತದೊತ್ತಡ ಕುಸಿಯುತ್ತದೆ. ಅದರ ವಿಷದಲ್ಲಿ ರಕ್ತನಾಳ ಸಡಿಲಿಸುವ ಬ್ರಾಡಿಕೈನಿನ್‌ನ ಪ್ರಭಾವ ಹೆಚ್ಚಿಸುವ ಅಂಶವಿದೆ ಎಂದು ಸೆರ್ಜಿಯೋ ಫೆರೇರಾ 1965ರಲ್ಲಿ ತೋರಿಸಿದರು. ಆ ಅಂಶ ಚಿಕ್ಕ ಚಿಕ್ಕ ಪೆಪ್ಟೈಡ್‌ಗಳೆಂದು ತಿಳಿಯಿತು. ಅವು ತಡೆಯುತ್ತಿದ್ದುದು ನಮ್ಮ ದೇಹದ ಆಂಜಿಯೋಟೆನ್ಸಿನ್ ಪರಿವರ್ತಕ ಕಿಣ್ವವನ್ನು, ಅಂದರೆ ಎಸಿಇಯನ್ನು. ರಕ್ತನಾಳ ಬಿಗಿಯಾಗಿಸುವ ಆಂಜಿಯೋಟೆನ್ಸಿನ್ 2 ಹುಟ್ಟುವುದು ಈ ಕಿಣ್ವದ ಕೈಯಲ್ಲಿ. ಆ ಪೆಪ್ಟೈಡ್‌ಗಳ ಬಾಲದ ತುದಿಯನ್ನು ನೋಡಿಕೊಂಡೇ ಕಶ್‌ಮನ್ ಮತ್ತು ಒಂಡೆಟ್ಟಿ ಕ್ಯಾಪ್ಟೋಪ್ರಿಲ್ ವಿನ್ಯಾಸ ಮಾಡಿದರು. 1981ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ನಿಮ್ಮ ಅಮ್ಮನ ಮಾತ್ರೆಯ ಹೆಸರು "ಪ್ರಿಲ್" ಎಂದು ಮುಗಿಯುತ್ತಿದ್ದರೆ ಅದು ಇದೇ ವಂಶದ್ದು.

ಹಾವಿನ ವಿಷದಲ್ಲಿ ಇರುವಂಥದ್ದು ಊಟದ ಪ್ರೋಟೀನಿನಲ್ಲೂ ಇರಬಹುದಲ್ಲ ಎಂದು ಹುಡುಕಲು ಹೊರಟವರಲ್ಲಿ ಜಪಾನಿನವರು ಮುಂದು. ಒಣಗಿಸಿದ ಬೊನಿಟೊ ಮೀನನ್ನು ಥರ್ಮೋಲೈಸಿನ್ ಕಿಣ್ವದಿಂದ ಅರಗಿಸಿದಾಗ ಲ್ಯೂಸಿನ್-ಲೈಸಿನ್-ಪ್ರೋಲಿನ್-ಆಸ್ಪರಾಜಿನ್-ಮೆಥಿಯೋನಿನ್ ಎಂಬ ಐದು ಮಣಿಯ ಪೆಪ್ಟೈಡ್ ಸಿಕ್ಕಿತು (ಒಂದೊಂದು ಅಮೈನೋ ಆಮ್ಲವನ್ನೂ ಸರದ ಒಂದು ಮಣಿ ಎಂದುಕೊಳ್ಳಿ). ತಮಾಷೆಯೆಂದರೆ, ಎಸಿಇ ಇದರ ಬಾಲದ ಎರಡು ಮಣಿಯನ್ನು ತಾನೇ ಕತ್ತರಿಸುತ್ತದೆ. ಉಳಿದ ಮೂರು ಮಣಿ ಮೊದಲಿಗಿಂತ ಹಲವು ಪಟ್ಟು ಬಲವಾಗಿ ಅದೇ ಎಸಿಇಯನ್ನು ಕಟ್ಟಿಹಾಕುತ್ತದೆ. ತನ್ನ ಬೇಡಿಯನ್ನು ತಾನೇ ತಯಾರಿಸಿಕೊಂಡಂತೆ! ನಮ್ಮ ಬೂತಾಯಿಯ ನೆಂಟನಾದ ಸಾರ್ಡೀನಿನ ಮಾಂಸದಿಂದಲೂ ವ್ಯಾಲಿನ್-ಟೈರೋಸಿನ್ ಎಂಬ ಎರಡೇ ಮಣಿಯ ಪೆಪ್ಟೈಡ್ ಸಿಕ್ಕಿತು. ಅದನ್ನು ಬಿಪಿ ಸ್ವಲ್ಪ ಹೆಚ್ಚಿದ್ದವರಿಗೆ ಕುಡಿಸಿ ಪರೀಕ್ಷಿಸಿದ್ದಾರೆ, ಜಪಾನಿನಲ್ಲಿ ವಿಶೇಷ ಆರೋಗ್ಯ ಆಹಾರದ ವರ್ಗದಲ್ಲಿ ಮಾರಿದ್ದಾರೆ.

ನಿಮ್ಮ ಕೆಲಸಕ್ಕೆ ತೀರಾ ಹತ್ತಿರದ ಉದಾಹರಣೆ ಕೊರಿಯಾದ್ದು. ಸುರಿಮಿಗೆ ಹೆಸರಾದ ಅಲಾಸ್ಕಾ ಪೊಲಾಕ್ ಮೀನಿನ ಚರ್ಮದ ಜೆಲಟಿನ್‌ನಿಂದ ಬ್ಯುನ್ ಮತ್ತು ಕಿಮ್ 2001ರಲ್ಲಿ ಎರಡು ತ್ರಿಮಣಿ ಪೆಪ್ಟೈಡ್‌ಗಳನ್ನು ತೆಗೆದರು: ಗ್ಲೈಸಿನ್-ಪ್ರೋಲಿನ್-ಲ್ಯೂಸಿನ್ ಮತ್ತು ಗ್ಲೈಸಿನ್-ಪ್ರೋಲಿನ್-ಮೆಥಿಯೋನಿನ್. ಎಸಿಇಯ ಕೆಲಸವನ್ನು ಅರ್ಧಕ್ಕೆ ಇಳಿಸಲು ಮೊದಲನೆಯದು ಸುಮಾರು 2.6 ಮೈಕ್ರೋಮೋಲಾರ್ (ಸಾಂದ್ರತೆಯ ಅಳತೆ, ಕಡಿಮೆ ಸಾಕಾದಷ್ಟೂ ಬಲ ಹೆಚ್ಚು) ಸಾಕು, ಎರಡನೆಯದು ಸುಮಾರು 17 ಬೇಕು. ಕೊನೆಯ ಒಂದು ಮಣಿ ಬದಲಾದದ್ದಕ್ಕೆ ಆರು ಪಟ್ಟಿಗೂ ಹೆಚ್ಚು ವ್ಯತ್ಯಾಸ. ಈ ಸಂಖ್ಯೆಗಳು ನೆನಪಿರಲಿ, ಮತ್ತೆ ಬೇಕಾಗುತ್ತವೆ.

ಈಗ ನಿಮ್ಮ ತ್ಯಾಜ್ಯದ ಟಬ್ಬು. ಹೊಸಬರು ಮಾಡುವ ಮೊದಲ ತಪ್ಪು ಡೇಟಾಬೇಸ್ ತೆರೆದು ಕೂರುವುದು. ಮೀನಿನ ಯಾವುದೋ ಪ್ರೋಟೀನ್ ಹಿಡಿದು, ಅದರೊಳಗೆ ಎಷ್ಟು ಸಕ್ರಿಯ ಪೆಪ್ಟೈಡ್ ಅಡಗಿವೆ ಎಂದು ಎಣಿಸಿ ಖುಷಿಪಡುವುದು. ಆ ಪ್ರೋಟೀನ್ ನಿಮ್ಮ ಟಬ್ಬಿನಲ್ಲಿ ಎಷ್ಟಿದೆ ಎಂದು ಕೇಳುವುದೇ ಇಲ್ಲ. ನಾನೂ ಮಾಡಿದ್ದೇನೆ. ಬಹಳ ಹಿಂದೆ, ಒಂದು ಅಪರೂಪದ ಪ್ರೋಟೀನಿನಿಂದ ಬಂದ ಪೆಪ್ಟೈಡ್ ಪಟ್ಟಿಯ ತುದಿಯಲ್ಲಿ ನಿಂತಿತ್ತು. ಎರಡು ತಿಂಗಳು ಅದರ ಹಿಂದೆ ಸುತ್ತಿದೆ. ಹೊರಗಿನಿಂದ ಮಾಡಿಸಿ ತರಿಸಿದೆ. ಬಂದ ಬಿಳಿ ಪುಡಿ ಬಫರಿನಲ್ಲಿ ಕರಗಲೇ ಇಲ್ಲ, ಹಾಲಿನ ಮೇಲಿನ ಕೆನೆಯ ಹಾಗೆ ತೇಲುತ್ತಿತ್ತು. ಕರಗಿದ್ದರೂ ಏನು ಬಂತು, ಒಂದು ಟನ್ ತ್ಯಾಜ್ಯದಲ್ಲಿ ಆ ಪ್ರೋಟೀನ್ ಒಂದು ಚಿಟಿಕೆಯೂ ಇರುತ್ತಿರಲಿಲ್ಲ.

ಹಾಗಾಗಿ ಮೊದಲ ಕೆಲಸ, ಒಂದೇ ಲಾರಿಗೆ ಹೋಗುವುದನ್ನು ಮನಸ್ಸಿನಲ್ಲಾದರೂ ಬೇರೆ ಬೇರೆ ಮಾಡಿ. ಚರ್ಮ, ಮುಳ್ಳು, ಹುರುಪೆ ಅಂದರೆ ಹೆಚ್ಚಾಗಿ ಟೈಪ್ 1 ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನ್. ತಲೆಯಲ್ಲಿ ಮಾಂಸ, ಮೂಳೆ, ಕೊಬ್ಬು ಎಲ್ಲದರ ಕಲಸುಮೇಲೋಗರ. ಮುಳ್ಳಿಗೆ ಅಂಟಿದ ಮಾಂಸದಲ್ಲಿ ಮಯೋಸಿನ್, ಆಕ್ಟಿನ್ ಎಂಬ ಸ್ನಾಯುವಿನ ಪ್ರೋಟೀನುಗಳು. ಇನ್ನೊಂದನ್ನು ನೀವು ಬರೆದಿಲ್ಲ, ನಿಮ್ಮಲ್ಲಿ ದಿನಾ ಚರಂಡಿಗೆ ಹೋಗುವಂಥದ್ದು: ಮಾಂಸ ತೊಳೆದ ನೀರು. ಸುರಿಮಿ ಮಾಡುವಾಗ ಕೊಚ್ಚಿದ ಮಾಂಸವನ್ನು ತಣ್ಣೀರಿನಲ್ಲಿ ತೊಳೆಯುವುದೇ ನೀರಿನಲ್ಲಿ ಕರಗುವ ಪ್ರೋಟೀನ್‌ಗಳನ್ನು ತೆಗೆಯಲಿಕ್ಕೆ. ಕ್ರಿಯೇಟಿನ್ ಕೈನೇಸ್, ಆಲ್ಡೋಲೇಸ್‌ನಂಥವು ಅಲ್ಲಿ ರಾಶಿ ಬೀಳುತ್ತವೆ. ಪಾರ್ವಾಲ್ಬುಮಿನ್ ಕೂಡ ಅಲ್ಲೇ ಇರುತ್ತದೆ. ಮೀನು ಆಗದವರಿಗೆ ಅಲರ್ಜಿ ತರುವ ಮುಖ್ಯ ಪ್ರೋಟೀನ್ ಅದೇ, ಜೋಪಾನ.

ಕರುಳನ್ನು ಮಾತ್ರ ಪ್ರತ್ಯೇಕ ಇಡಲೇಬೇಕು. ಅದರಲ್ಲಿ ಮೀನಿನ ಸ್ವಂತ ಜೀರ್ಣಕಿಣ್ವಗಳು ತುಂಬಿವೆ. ಮೀನು ಸತ್ತರೂ ಅವು ಸುಮ್ಮನಿರುವುದಿಲ್ಲ. ಕರುಳು ಸೇರಿದ ಟಬ್ಬು ಐಸ್ ಇಲ್ಲದೆ ಅರ್ಧ ದಿನ ನಿಂತರೆ, ನೀವು ಕತ್ತರಿಸಲು ಪಪೇನ್ ಎಂಬ ಕಿಣ್ವ ಹಾಕುವ ಮೊದಲೇ ಪ್ರೋಟೀನ್ ಎಲ್ಲೆಲ್ಲೋ ತುಂಡಾಗಿರುತ್ತದೆ. ಪಪೇನ್ ಹೀಗೆ ಕತ್ತರಿಸುತ್ತದೆ ಎಂದು ಕಂಪ್ಯೂಟರ್ ಹಾಕಿಕೊಟ್ಟ ಲೆಕ್ಕಕ್ಕೂ ಆ ಟಬ್ಬಿಗೂ ಆಮೇಲೆ ಸಂಬಂಧವಿಲ್ಲ.

ನಾನು ನಿಮ್ಮ ಜಾಗದಲ್ಲಿದ್ದರೆ ಚರ್ಮದಿಂದ ಶುರು ಮಾಡುತ್ತಿದ್ದೆ. ಒಂದೇ ಪ್ರೋಟೀನ್ ಹೇರಳವಾಗಿದೆ, ಅದರ ರಚನೆ ಚೆನ್ನಾಗಿ ಗೊತ್ತಿದೆ. ಆ ರಚನೆ ಬಿಡಿಸಿದ್ದರಲ್ಲಿ ನಮ್ಮವರ ಪಾಲೂ ದೊಡ್ಡದು. ಕೊಲಾಜೆನ್ ಮೂರೆಳೆಯ ಜಡೆ ಎಂಬ ಮಾದರಿಯನ್ನು 1954ರಲ್ಲಿ ಮದರಾಸಿನಲ್ಲಿ ಕುಳಿತು ಮುಂದಿಟ್ಟವರು ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ. ರಾಮಚಂದ್ರನ್ ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. ಕಂಪ್ಯೂಟರ್ ಕಟ್ಟಿದ ಪ್ರೋಟೀನ್ ಮಾದರಿ ನಂಬಬಹುದಾದದ್ದೇ ಎಂದು ನೋಡಲು ಜಗತ್ತೆಲ್ಲ ಇವತ್ತಿಗೂ ಬಳಸುವುದು 1963ರ ರಾಮಚಂದ್ರನ್ ನಕ್ಷೆಯನ್ನೇ.

ಆ ಜಡೆ ಹೆಣೆಯಬೇಕಾದರೆ ಪ್ರತಿ ಮೂರನೆಯ ಮಣಿ ಗ್ಲೈಸಿನ್ ಆಗಲೇಬೇಕು, ಒಳಗೆ ಬೇರೆಯದಕ್ಕೆ ಜಾಗವಿಲ್ಲ. ಉಳಿದ ಎರಡು ಜಾಗದಲ್ಲಿ ಪ್ರೋಲಿನ್ ತುಂಬಾ ಬರುತ್ತದೆ. ಹೀಗಾಗಿ ಗ್ಲೈಸಿನ್-ಪ್ರೋಲಿನ್ ಜೋಡಿ ಚರ್ಮದಲ್ಲಿ ಹೆಜ್ಜೆ ಹೆಜ್ಜೆಗೆ ಸಿಗುತ್ತದೆ. ಪೊಲಾಕ್‌ನ ಎರಡೂ ಪೆಪ್ಟೈಡ್ ಗ್ಲೈಸಿನ್-ಪ್ರೋಲಿನ್‌ನಿಂದ ಶುರುವಾದದ್ದು ಆಕಸ್ಮಿಕವಲ್ಲ.

ಇನ್ನು ಲ್ಯಾಪ್‌ಟಾಪ್ ತೆಗೆಯಿರಿ. ಯೂನಿಪ್ರಾಟ್ ಎಂಬ ಪ್ರೋಟೀನ್ ಡೇಟಾಬೇಸಿನಲ್ಲಿ ನಿಮ್ಮ ಮೀನಿನ ಕೊಲಾಜೆನ್ ಅನುಕ್ರಮ (ಅಮೈನೋ ಆಮ್ಲಗಳ ಸಾಲು) ಹುಡುಕಿ. ಇಲ್ಲದಿದ್ದರೆ ವಂಶದಲ್ಲಿ ಹತ್ತಿರದ ಮೀನಿನದನ್ನು ತೆಗೆದುಕೊಳ್ಳಿ, ಕೊಲಾಜೆನ್ ಮೀನಿಂದ ಮೀನಿಗೆ ತೀರಾ ಬದಲಾಗುವುದಿಲ್ಲ. (ಮುಂದೆ ಬೂತಾಯಿಯ ಕಡೆ ಹೊರಳಿದರೆ ನಿಮಗೆ ಅನುಕೂಲವಿದೆ. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು 2023ರಲ್ಲಿ ಅದರ ಇಡೀ ಜೀನೋಮ್ ಬಿಡಿಸಿದ್ದಾರೆ. ಉತ್ತರ ಕನ್ನಡದವರಿಗೆ ಅದು ತಾರ್ಲೆ.)

ಡೌನ್‌ಲೋಡ್ ಮಾಡಿದ ಕೂಡಲೇ ಕತ್ತರಿ ಹಾಕಬೇಡಿ. ಡೇಟಾಬೇಸಿನಲ್ಲಿ ಇರುವುದು ಜೀನ್ ಹೇಳುವ ಪೂರ್ತಿ ಸರಪಳಿ. ಮನುಷ್ಯರ ಕೊಲಾಜೆನ್‌ನ ಆಲ್ಫಾ 1 ಸರಪಳಿಯನ್ನೇ ನೋಡಿ, ಒಟ್ಟು 1,464 ಅಮೈನೋ ಆಮ್ಲ. ಆದರೆ ತಲೆಯ ಕಡೆಯ ಸಂಕೇತ ತುಣುಕು, ಎರಡೂ ತುದಿಯ ಪ್ರೋಪೆಪ್ಟೈಡ್‌ಗಳು ದೇಹದಲ್ಲೇ ಕತ್ತರಿಸಿ ಹೋಗುತ್ತವೆ. ಉಳಿಯುವುದು 1,057. ಕಾಲು ಭಾಗಕ್ಕೂ ಹೆಚ್ಚು ಚರ್ಮದಲ್ಲಿ ಇಲ್ಲವೇ ಇಲ್ಲ. ಪೂರ್ತಿ ಸರಪಳಿಯನ್ನು ಕತ್ತರಿಸಿ, ಪ್ರೋಪೆಪ್ಟೈಡಿನಿಂದ ಬಂದ ತುಂಡನ್ನು "ಚರ್ಮದ ಪೆಪ್ಟೈಡ್" ಎಂದು ಬರೆದುಕೊಂಡು ಬಂದ ವಿದ್ಯಾರ್ಥಿಗಳನ್ನು ನಾನು ನೋಡಿದ್ದೇನೆ.

ಇನ್ನೊಂದು ಸೂಕ್ಷ್ಮ. ಕೊಲಾಜೆನ್‌ನಲ್ಲಿ ಗ್ಲೈಸಿನ್ನಿಗೆ ತಕ್ಷಣ ಮುಂಚೆ ಬರುವ ಪ್ರೋಲಿನ್‌ಗಳಲ್ಲಿ ಬಹಳಷ್ಟು ಜೀವಂತ ಮೀನಿನೊಳಗೇ ಹೈಡ್ರಾಕ್ಸಿಪ್ರೋಲಿನ್ ಆಗಿ ಮಾರ್ಪಟ್ಟಿರುತ್ತವೆ. ಡೇಟಾಬೇಸ್ ಅದನ್ನು ಬರೀ ಪ್ರೋಲಿನ್ ಎಂದೇ ಬರೆಯುತ್ತದೆ. ತೂಕದಲ್ಲಿ ಒಂದು ಆಮ್ಲಜನಕದ ವ್ಯತ್ಯಾಸ, ಸುಮಾರು 16 ಡಾಲ್ಟನ್ (ಅಣುವಿನ ತೂಕದ ಅಳತೆ). ಮುಂದೆ ಅಣುಗಳ ತೂಕ ನೋಡುವ ಮಾಸ್ ಸ್ಪೆಕ್ಟ್ರೋಮೀಟರಿಗೆ ಹೋದಾಗ ಇದನ್ನು ಹೇಳಿಕೊಡದಿದ್ದರೆ ಯಂತ್ರ ನಿಮ್ಮ ಪೆಪ್ಟೈಡನ್ನು ಗುರುತಿಸುವುದಿಲ್ಲ.

ಈಗ ಕತ್ತರಿ, ಅಂದರೆ ಕಿಣ್ವ ಎಲ್ಲೆಲ್ಲಿ ಕತ್ತರಿಸುತ್ತದೆ ಎಂದು ಲೆಕ್ಕ ಹಾಕುವ ತಂತ್ರಾಂಶ. ಎಕ್ಸ್‌ಪಾಸಿಯ ಪೆಪ್ಟೈಡ್‌ಕಟರ್ ಇದೆ. ಪೋಲೆಂಡಿನ ಓಲ್ಶ್ಟಿನ್ ನಗರದ ವಾರ್ಮಿಯಾ-ಮಜುರಿ ವಿಶ್ವವಿದ್ಯಾಲಯದವರ ಬಯೋಪೆಪ್‌ನಲ್ಲೂ ಇದೇ ಸೌಲಭ್ಯವಿದೆ. ಕೈಯಲ್ಲೇ ಒಂದು ಸಲ ಮಾಡಿ ನೋಡಿದರೆ ಮರ್ಮ ತಿಳಿಯುತ್ತದೆ. ಕೊಲಾಜೆನ್‌ನಲ್ಲಿ ಬರುವ ಈ ತುಣುಕು ನೋಡಿ (ಗ್ಲೈ ಅಂದರೆ ಗ್ಲೈಸಿನ್, ಅಲಾ ಅಲನಿನ್, ಸೆರ್ ಸೆರಿನ್, ಪ್ರೋ ಪ್ರೋಲಿನ್, ಮೆಟ್ ಮೆಥಿಯೋನಿನ್, ಆರ್ಗ್ ಆರ್ಜಿನಿನ್, ಲೈಸ್ ಲೈಸಿನ್):

ಗ್ಲೈ-ಅಲಾ-ಸೆರ್-ಗ್ಲೈ-ಪ್ರೋ-ಮೆಟ್-ಗ್ಲೈ-ಪ್ರೋ-ಆರ್ಗ್-ಗ್ಲೈ-ಪ್ರೋ-ಪ್ರೋ-ಗ್ಲೈ-ಪ್ರೋ-ಪ್ರೋ-ಗ್ಲೈ-ಲೈಸ್

ನಡುವೆ ಗ್ಲೈ-ಪ್ರೋ-ಮೆಟ್ ಕಾಣಿಸಿತಲ್ಲ? ಪೊಲಾಕ್ ಚರ್ಮದಲ್ಲಿ ಸಿಕ್ಕಿದ ಎರಡನೆಯದು. ಬಯೋಪೆಪ್‌ಗೆ ಕೊಟ್ಟರೆ "ಇದೆ" ಎಂದು ಥಟ್ಟನೆ ಹೇಳುತ್ತದೆ. ಈಗ ಟ್ರಿಪ್ಸಿನ್ ಹಾಕಿ. ಅದು ಕತ್ತರಿಸುವುದು ಆರ್ಜಿನಿನ್ ಮತ್ತು ಲೈಸಿನ್ ಆದ ಮೇಲೆ. ಮುಂದಿನದು ಪ್ರೋಲಿನ್ ಆಗಿದ್ದರೆ ಬಿಟ್ಟುಬಿಡುತ್ತದೆ. ಸಿಗುವ ತುಂಡುಗಳು ಎರಡು: ಗ್ಲೈ-ಅಲಾ-ಸೆರ್-ಗ್ಲೈ-ಪ್ರೋ-ಮೆಟ್-ಗ್ಲೈ-ಪ್ರೋ-ಆರ್ಗ್ ಒಂದು, ಗ್ಲೈ-ಪ್ರೋ-ಪ್ರೋ-ಗ್ಲೈ-ಪ್ರೋ-ಪ್ರೋ-ಗ್ಲೈ-ಲೈಸ್ ಇನ್ನೊಂದು. ನಮ್ಮ ಗ್ಲೈ-ಪ್ರೋ-ಮೆಟ್ ಒಂಬತ್ತು ಮಣಿಯ ನಡುವೆ ಸಿಕ್ಕಿಹಾಕಿಕೊಂಡಿದೆ. ಬಿಡಿಸಬೇಕಾದರೆ ಎರಡೂ ಕಡೆ ಗ್ಲೈಸಿನ್ನಿನ ಹಿಂದಿನ ಕೊಂಡಿ ಕತ್ತರಿಸಬೇಕು. ಆ ಬುದ್ಧಿ ಇರುವುದು ಬ್ಯಾಕ್ಟೀರಿಯಾದ ಕೊಲಾಜಿನೇಸ್‌ಗೆ. ಕೊರಿಯಾದವರು ಬಳಸಿದ ಮೂರು ಕಿಣ್ವಗಳಲ್ಲಿ ಅದೂ ಒಂದು. ಆದರೆ ಲ್ಯಾಬಿನಲ್ಲಿ ಮಿಲಿಗ್ರಾಂ ಲೆಕ್ಕದಲ್ಲಿ ಕೊಳ್ಳುವ ಕಿಣ್ವವನ್ನು ಟನ್‌ಗಟ್ಟಲೆ ಚರ್ಮಕ್ಕೆ ಸುರಿಯಲು ನಿಮ್ಮ ಮಾಲೀಕರು ಒಪ್ಪುತ್ತಾರೆಯೇ?

ಇಡೀ ಉತ್ತರದಲ್ಲಿ ನೀವು ಇಟ್ಟುಕೊಳ್ಳಬೇಕಾದದ್ದು ಇದೊಂದೇ: ಅನುಕ್ರಮದಲ್ಲಿ ಇರುವುದೆಲ್ಲ ಪಾತ್ರೆಗೆ ಬೀಳುವುದಿಲ್ಲ. ಬಯೋಪೆಪ್‌ನಲ್ಲಿ "ಎ" ಎಂಬ ಒಂದು ಮೌಲ್ಯವಿದೆ. ಸರಪಳಿಯೊಳಗೆ ಅಡಗಿರುವ ಸಕ್ರಿಯ ತುಣುಕುಗಳ ಸಂಖ್ಯೆಯನ್ನು ಸರಪಳಿಯ ಉದ್ದದಿಂದ ಭಾಗಿಸಿದ್ದು, ಅಷ್ಟೆ. ಅದನ್ನು ಕೋಷ್ಟಕ ಮಾಡಿ ಪ್ರೋಟೀನ್‌ಗಳಿಗೆ ರ‍್ಯಾಂಕ್ ಕೊಡುವುದು ನೋಡಲು ಚಂದ. ಆದರೆ ಎರಡು ಮಣಿಯ ಜೋಡಿಗಳು ಇರುವುದೇ ಒಟ್ಟು 400, ಅವುಗಳಲ್ಲಿ ಬಹಳಷ್ಟು ಎಸಿಇ ತಡೆಯುವ ಪಟ್ಟಿಯಲ್ಲಿ ಆಗಲೇ ಸೇರಿವೆ. ಉದ್ದಿನ ಬೇಳೆಯ ಪ್ರೋಟೀನ್ ಕೊಟ್ಟರೂ ನೂರಾರು ಸಿಗುತ್ತವೆ. ಮೀನು ವಿಶೇಷ ಎಂದು ಅದರಿಂದ ಸಾಬೀತಾಗುವುದಿಲ್ಲ.

ಹಾಗಾದರೆ ದಾರಿ ತಿರುಗಿಸಿ. ನಿಮ್ಮ ಘಟಕಕ್ಕೆ ಕೈಗೆಟುಕುವ ಕಿಣ್ವ ಯಾವುದು ಎಂದು ಮೊದಲು ಬರೆಯಿರಿ. ಪಪ್ಪಾಯಿಯ ಪಪೇನ್, ಅನಾನಸಿನ ಬ್ರೊಮೆಲೈನ್, ಕಾರ್ಖಾನೆಗಳಲ್ಲಿ ಹೆಚ್ಚು ಓಡುವ ಆಲ್ಕಲೇಸ್, ಇಷ್ಟೇ ಇರಬಹುದು. ಇವು ಕತ್ತರಿಸಿ ನಿಜಕ್ಕೂ ಬಿಡುವ ತುಂಡುಗಳನ್ನು ಮಾತ್ರ ಪಟ್ಟಿಗೆ ಹಾಕಿ. ಇಲ್ಲೂ ಒಂದು ಎಚ್ಚರ: ಟ್ರಿಪ್ಸಿನ್‌ನ ನಿಯಮ ಖಚಿತ, ಪಪೇನ್ ಮತ್ತು ಆಲ್ಕಲೇಸ್‌ನದ್ದು ಸಡಿಲ. ಅವುಗಳಿಗೆ ಕಂಪ್ಯೂಟರ್ ಕೊಡುವ ಉತ್ತರವನ್ನು ಹವಾಮಾನ ಮುನ್ಸೂಚನೆಯ ಹಾಗೆ ಓದಿಕೊಳ್ಳಿ. ಇಡೀ ಕೊಲಾಜೆನ್ ಜಡೆ ಯಾವ ಸಾಮಾನ್ಯ ಕಿಣ್ವಕ್ಕೂ ಬಗ್ಗುವುದಿಲ್ಲ ಎನ್ನುವುದೂ ತಂತ್ರಾಂಶಕ್ಕೆ ಗೊತ್ತಿಲ್ಲ. ಮೊದಲು ಬಿಸಿ ಮಾಡಿ ಜೆಲಟಿನ್ ಆಗಿಸಬೇಕು. ಮೀನಿನ ಚರ್ಮ ದನದ ಚರ್ಮಕ್ಕಿಂತ ಕಡಿಮೆ ಬಿಸಿಗೇ ಕರಗುತ್ತದೆ, ಅದೊಂದು ಅನುಕೂಲ.

ಬಂದ ತುಂಡುಗಳನ್ನು ಮತ್ತೊಮ್ಮೆ ಕತ್ತರಿಸಿ, ಈ ಸಲ ಹೊಟ್ಟೆಯ ಕಿಣ್ವಗಳಿಂದ: ಪೆಪ್ಸಿನ್, ಟ್ರಿಪ್ಸಿನ್, ಕೈಮೋಟ್ರಿಪ್ಸಿನ್. ಹೊಟ್ಟೆಯಲ್ಲಿ ಚೂರಾಗುವ ಹತ್ತು ಮಣಿಯ ಪೆಪ್ಟೈಡ್ ಬಾಟಲಿಯಲ್ಲಿ ಎಷ್ಟು ಬಲಶಾಲಿಯಾದರೂ ಬಾಯಿಂದ ಕುಡಿದರೆ ಪ್ರಯೋಜನವಿಲ್ಲ. ಪ್ರೋಲಿನ್ ಇರುವ ಚಿಕ್ಕವು ಉಳಿದುಕೊಳ್ಳುತ್ತವೆ, ಚರ್ಮವನ್ನು ಆರಿಸಿದ್ದಕ್ಕೆ ಇನ್ನೊಂದು ಕಾರಣ ಇದು. ಸಕ್ಕರೆ ಕಾಯಿಲೆಗೆ ಸಂಬಂಧಿಸಿದ ಡಿಪಿಪಿ-4 ಎಂಬ ಕಿಣ್ವವನ್ನು ತಡೆಯುವ ಪೆಪ್ಟೈಡ್‌ಗಳೂ ಸಾಲ್ಮನ್ ಚರ್ಮದ ಜೆಲಟಿನ್‌ನಲ್ಲಿ ಸಿಕ್ಕಿವೆ, ಅವೂ ಗ್ಲೈ-ಪ್ರೋದಿಂದಲೇ ಶುರುವಾಗುತ್ತವೆ. ಒಂದೇ ಪಟ್ಟಿಯನ್ನು ಎರಡು ಗುರಿಗೆ ನೋಡಬಹುದು.

ಇನ್ನು ಜರಡಿಗಳು. ಡಬ್ಲಿನ್‌ನಲ್ಲಿ ರೂಪಿಸಿದ ಪೆಪ್ಟೈಡ್‌ರ‍್ಯಾಂಕರ್ ಪ್ರತಿ ಪೆಪ್ಟೈಡಿಗೂ ಸೊನ್ನೆಯಿಂದ ಒಂದರವರೆಗೆ ಅಂಕ ಕೊಡುತ್ತದೆ, 0.5 ದಾಟಿದರೆ "ಸಕ್ರಿಯವಿರಬಹುದು". ಫೀನೈಲಲನಿನ್, ಟ್ರಿಪ್ಟೋಫಾನ್, ಪ್ರೋಲಿನ್, ಗ್ಲೈಸಿನ್ ಇದ್ದರೆ ಅದು ಧಾರಾಳಿ. ಅಂದಮೇಲೆ ಕೊಲಾಜೆನ್ ತುಂಡುಗಳಿಗೆ ಒಳ್ಳೆಯ ಅಂಕ ಬರುವುದರಲ್ಲಿ ಏನಾಶ್ಚರ್ಯ? ವಿಷದ ಗುಣವಿದೆಯೇ ಎಂದು ನೋಡಲು ಟಾಕ್ಸಿನ್‌ಪ್ರೆಡ್, ಬಿಪಿ ಇಳಿಸುವ ಗುಣಕ್ಕೆ ಎಎಚ್‌ಟಿಪಿನ್ ಇವೆ. ಎರಡೂ ಜಿ.ಪಿ.ಎಸ್. ರಾಘವ ಅವರ ತಂಡದ್ದು, ನಮ್ಮ ದೇಶದ್ದೇ. ಇವೆಲ್ಲ ಕಲಿತಿರುವುದು ಆಗಲೇ ಪ್ರಕಟವಾದ ಪೆಪ್ಟೈಡ್‌ಗಳಿಂದ. ಹಳೆಯ ಪ್ರಶ್ನೆಪತ್ರಿಕೆ ಬಾಯಿಪಾಠ ಮಾಡಿದ ಹುಡುಗನ ಹಾಗೆ, ಅದೇ ಥರದ್ದು ಬಂದರೆ ಸರಿಯಾಗಿ ಹೇಳುತ್ತವೆ, ತೀರಾ ಹೊಸದು ಬಂದರೆ ತಡವರಿಸುತ್ತವೆ.

ಕಹಿಯನ್ನು ಯಾರೂ ಲೆಕ್ಕ ಹಾಕುವುದಿಲ್ಲ, ನೀವು ಹಾಕಿ. ಎಸಿಇಗೆ ಹಿಡಿಸುವ ಬಾಲ ಎಂದರೆ ಜಿಡ್ಡು ಸ್ವಭಾವದ ಅಮೈನೋ ಆಮ್ಲಗಳು, ಪ್ರೋಲಿನ್. ನಾಲಿಗೆಗೆ ಕಹಿ ಎನಿಸುವುದೂ ಅಂಥವೇ. 1971ರಲ್ಲಿ ನೈ ಎಂಬವರು ಕೊಟ್ಟ ಒಂದು ಸರಳ ನಿಯಮವಿದೆ. ಪೆಪ್ಟೈಡಿನ ಅಮೈನೋ ಆಮ್ಲಗಳ ಜಿಡ್ಡುತನದ ಸರಾಸರಿ 1,400 ದಾಟಿದರೆ ಕಹಿ, 1,300ರ ಕೆಳಗಿದ್ದರೆ ಇಲ್ಲ. ಎಕ್ಸೆಲ್‌ನಲ್ಲಿ ಹತ್ತು ನಿಮಿಷದ ಕೆಲಸ. ಮೀನನ್ನು ಕಿಣ್ವದಿಂದ ಅರಗಿಸಿದ್ದನ್ನು, ಅಂದರೆ ಹೈಡ್ರೊಲೈಸೇಟನ್ನು, ಬಾಯಿಗಿಟ್ಟವರಿಗೆ ಇದರ ಬೆಲೆ ಗೊತ್ತು.

ಕೊನೆಗೆ ಡಾಕಿಂಗ್, ಎಲ್ಲರಿಗೂ ಇದರ ಮೇಲೇ ಕಣ್ಣು. ಬಣ್ಣಬಣ್ಣದ ಚಿತ್ರ ಬರುತ್ತದಲ್ಲ! ಮನುಷ್ಯರ ಎಸಿಇಯ ರಚನೆಯನ್ನು 2003ರಲ್ಲಿ ಬಾತ್ ವಿಶ್ವವಿದ್ಯಾಲಯದ ಕೆ. ರವಿ ಆಚಾರ್ಯ ಅವರ ತಂಡ ಬಿಡಿಸಿತು. ಲಿಸಿನೋಪ್ರಿಲ್ ಮಾತ್ರೆಯ ಅಣು ಒಳಗೆ ಕೂತಿರುವ ಆ ರಚನೆ ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ 1ಓ86 ಎಂಬ ಸಂಖ್ಯೆಯಲ್ಲಿದೆ. ಆಳವಾದ ಸೀಳಿನ ತಳದಲ್ಲಿ ಒಂದು ಸತುವಿನ ಅಯಾನು, ಅದನ್ನು ಹಿಡಿದುಕೊಂಡಿರುವ ಎರಡು ಹಿಸ್ಟಿಡಿನ್, ಒಂದು ಗ್ಲುಟಮೇಟ್. ಆಟೋಡಾಕ್ ವಿನಾ ಎಂಬ ಡಾಕಿಂಗ್ ತಂತ್ರಾಂಶ ಹಾಕಿ ನಿಮ್ಮ ಪೆಪ್ಟೈಡನ್ನು ಅಲ್ಲಿ ಕೂರಿಸಿ ನೋಡಬಹುದು.

ಕೂರಿಸುವ ಮೊದಲು ಎರಡು ಪರೀಕ್ಷೆ ಮಾಡಿ, ಬಹಳ ಜನ ಮಾಡುವುದಿಲ್ಲ. ಒಂದು, ಲಿಸಿನೋಪ್ರಿಲ್ಲನ್ನೇ ಹೊರತೆಗೆದು ಮತ್ತೆ ಕೂರಿಸಿ. ಸ್ಫಟಿಕದಲ್ಲಿ ಕಂಡ ಜಾಗದಿಂದ 2 ಆಂಗ್‌ಸ್ಟ್ರಾಮ್ ಒಳಗೆ ಬಂದು ಕೂರದಿದ್ದರೆ ನಿಮ್ಮ ಸೆಟ್ಟಿಂಗೇ ತಪ್ಪು. ಸತುವನ್ನು ಅಳಿಸಿ ಡಾಕ್ ಮಾಡಿದವರೂ ಇದ್ದಾರೆ, ಚಿತ್ರ ಆಗಲೂ ಚಂದವೇ ಬರುತ್ತದೆ. ಎರಡು, ನಿಮ್ಮ ಪೆಪ್ಟೈಡ್‌ಗಳ ಅಕ್ಷರಗಳನ್ನು ಕಲಸಿ ಅಡ್ಡಾದಿಡ್ಡಿ ಪೆಪ್ಟೈಡ್ ಮಾಡಿ, ಅವನ್ನೂ ಡಾಕ್ ಮಾಡಿ. ನಾನು ಒಮ್ಮೆ ಹತ್ತು "ಅತ್ಯುತ್ತಮ" ಪೆಪ್ಟೈಡ್‌ಗಳನ್ನು ಹೀಗೆ ಕಲಸಿದೆ. ಕಲಸಿದವಕ್ಕೂ ಹೆಚ್ಚುಕಡಿಮೆ ಅಷ್ಟೇ ಅಂಕ. ಆ ಸಂಜೆ ಲ್ಯಾಪ್‌ಟಾಪ್ ಮುಚ್ಚಿ ಹೊರಗೆ ಹೋಗಿ ಎರಡು ಕಪ್ ಚಹಾ ಕುಡಿದೆ. ಪೆಪ್ಟೈಡ್ ಉದ್ದವಾದಷ್ಟೂ ತಾಗುವ ಜಾಗ ಹೆಚ್ಚು, ಅಂಕ ತಾನಾಗಿ ಏರುತ್ತದೆ. ಎಂಟು ಮಣಿಯದನ್ನು ಮೂರು ಮಣಿಯದರ ಜತೆ ಹೋಲಿಸುವುದೇ ತಪ್ಪು. ಗ್ಲೈ-ಪ್ರೋ-ಲ್ಯೂ ಮತ್ತು ಗ್ಲೈ-ಪ್ರೋ-ಮೆಟ್ ಎರಡನ್ನೂ ಹಾಕಿ ನೋಡಿ. ಪ್ರಯೋಗಶಾಲೆಯಲ್ಲಿ ಆರು ಪಟ್ಟಿಗೂ ಮೀರಿದ ಆ ಅಂತರ ನಿಮ್ಮ ಡಾಕಿಂಗ್‌ಗೆ ಕಾಣದಿದ್ದರೆ, ಹೊಸ ಪೆಪ್ಟೈಡುಗಳ ನಡುವಿನ ಚಿಕ್ಕ ವ್ಯತ್ಯಾಸವನ್ನು ಅದು ಹೇಳಿದಾಗ ಯಾಕೆ ನಂಬಬೇಕು?

ಹೀಗೆ ಸೋಸಿ ಉಳಿದ ಐದಾರನ್ನು ಹೊರಗೆ ಮಾಡಿಸಿ, ಕೆಲವು ಮಿಲಿಗ್ರಾಂ ಸಾಕು. ಎಸಿಇ ಪರೀಕ್ಷೆ ಹಳೆಯದು, 1971ರದ್ದು. ಹಿಪ್ಯುರಿಲ್-ಹಿಸ್ಟಿಡಿಲ್-ಲ್ಯೂಸಿನ್ ಎಂಬ ಪದಾರ್ಥವನ್ನು ಕಿಣ್ವ ಎಷ್ಟು ಕತ್ತರಿಸಿತು ಎಂದು 228 ನ್ಯಾನೋಮೀಟರಿನಲ್ಲಿ ಅಳೆಯುತ್ತಾರೆ. ಇದಕ್ಕೆ ನಿಮಗೆ ಲ್ಯಾಬ್ ಬೇಕು. ಮಂಗಳೂರಿನಲ್ಲೇ ಮೀನುಗಾರಿಕಾ ಕಾಲೇಜಿದೆ, ದೇಶದಲ್ಲಿ ಮೊದಲನೆಯದು, 1969ರದ್ದು. ಮೈಸೂರಿನಲ್ಲಿ ಆಹಾರ ತಂತ್ರಜ್ಞಾನ ಸಂಸ್ಥೆಯಾದ ಸಿಎಫ್‌ಟಿಆರ್‌ಐ, ಕೊಚ್ಚಿಯಲ್ಲಿ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಇವೆ. ಬರಿಗೈಯಲ್ಲಿ ಹೋಗಿ "ಏನಾದರೂ ಮಾಡಿಕೊಡಿ" ಎನ್ನುವುದಕ್ಕೂ, ಆರು ಪೆಪ್ಟೈಡಿನ ಪಟ್ಟಿ ಮತ್ತು ಅದಕ್ಕೆ ಕಾರಣ ಹಿಡಿದು ಹೋಗುವುದಕ್ಕೂ ಅಜಗಜಾಂತರ.

ಜತೆಗೆ ನಿಮ್ಮ ಕಿಣ್ವ ಹಾಕಿ ಅರಗಿಸಿದ ದ್ರವವನ್ನೂ ಮಾಸ್ ಸ್ಪೆಕ್ಟ್ರೋಮೀಟರಿಗೆ ಕೊಡಿ, ಪಟ್ಟಿಯಲ್ಲಿರುವುದು ನಿಜಕ್ಕೂ ಬಂದಿದೆಯೇ ಎಂದು ನೋಡಲಿಕ್ಕೆ. ಅಲ್ಲಿನವರಿಗೆ ಒಂದು ಮಾತು ಹೇಳಲು ಮರೆಯಬೇಡಿ: ಇಂಥ ಹುಡುಕಾಟದ ತಂತ್ರಾಂಶಗಳು ಸಾಮಾನ್ಯವಾಗಿ ಆರೇಳು ಮಣಿಗಿಂತ ಚಿಕ್ಕದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಿಮಗೆ ಬೇಕಾದದ್ದೋ ಎರಡು ಮೂರು ಮಣಿಯವು. ಅವನ್ನು ಬೇರೆಯಾಗಿ, ತೂಕ ಹೇಳಿ ಹುಡುಕಿಸಬೇಕು. ಲ್ಯೂಸಿನ್ ಮತ್ತು ಐಸೋಲ್ಯೂಸಿನ್ ಎರಡರ ತೂಕವೂ ಒಂದೇ, ಯಂತ್ರಕ್ಕೆ ಅವಳಿ ಮಕ್ಕಳಿದ್ದ ಹಾಗೆ. ಮಾಡಿಸಿ ತಂದ ಶುದ್ಧ ಪೆಪ್ಟೈಡನ್ನು ಪಕ್ಕದಲ್ಲಿಟ್ಟು ಓಡಿಸಿದರೆ ಮಾತ್ರ ಯಾರು ಯಾರೆಂದು ತಿಳಿಯುವುದು.

ಈಗ ಮೊದಲು ಹೇಳಿದ ಲೆಕ್ಕ. ಕೊಲಾಜೆನ್‌ನ ಒಂದು ಸರಪಳಿಯ ತೂಕ ಸುಮಾರು 95,000 ಡಾಲ್ಟನ್, ಗ್ಲೈ-ಪ್ರೋ-ಮೆಟ್‌ನ ತೂಕ 303. ಸರಪಳಿಗೆ ಒಂದು ಸಲ ಬರುತ್ತದೆ ಎಂದಿಟ್ಟುಕೊಳ್ಳಿ. ಒಂದೂ ಬಿಡದೆ ಬಿಡಿಸಿದರೂ ಕಿಲೋ ಕೊಲಾಜೆನ್‌ಗೆ ಸುಮಾರು 3.2 ಗ್ರಾಂ. ಕಿಲೋ ಹಸಿ ಚರ್ಮದಲ್ಲಿ 200 ಗ್ರಾಂ ಕೊಲಾಜೆನ್ ಇದೆ ಎಂದುಕೊಂಡರೆ 0.64 ಗ್ರಾಂ. ಅದೂ ಕಾಗದದ ಮೇಲೆ. ಸಾರ್ಡೀನಿನ ವ್ಯಾಲಿನ್-ಟೈರೋಸಿನ್ ಅರ್ಧ ತಡೆಗೆ ಸುಮಾರು 26 ಮೈಕ್ರೋಮೋಲಾರ್ ಬೇಡಿದರೆ ಕ್ಯಾಪ್ಟೋಪ್ರಿಲ್‌ಗೆ ಅದರ ಸಾವಿರದಲ್ಲೊಂದು ಪಾಲು ಸಾಕು. ಕುದಿಸಿದ ಸಾರಿನಲ್ಲಿ ಜೆಲಟಿನ್ ಇರುತ್ತದೆ, ಈ ಪೆಪ್ಟೈಡ್‌ಗಳನ್ನು ಬಿಡಿಸುವ ಕತ್ತರಿ ಇರುವುದಿಲ್ಲ. ಅಮ್ಮನ ಮಾತ್ರೆಯ ಬಗ್ಗೆ ಹಾಗೆ ಹೇಳಿದ್ದು ಇದಕ್ಕೇ.

ನಿಮ್ಮ ಮಾಲೀಕರಿಗೂ ಇದೇ ಲೆಕ್ಕ ತೋರಿಸಿ. ಶುದ್ಧ ಪೆಪ್ಟೈಡ್ ತೆಗೆದು ಮಾರುವುದು ನಿಮ್ಮ ಘಟಕದ ಕೆಲಸವಲ್ಲ. ಚರ್ಮವನ್ನು ಪ್ರತ್ಯೇಕಿಸಿ, ಒಳ್ಳೆಯ ಕಿಣ್ವದಿಂದ ಅರಗಿಸಿ, ಒಣಗಿಸಿದ ಇಡೀ ಹೈಡ್ರೊಲೈಸೇಟ್ ಮಾರಬಹುದಾದ ಸರಕು. ಯಾವ ಕಿಣ್ವ, ಎಷ್ಟು ಹೊತ್ತು ಎಂದು ಆರಿಸಲು ಮೇಲಿನ ಕಂಪ್ಯೂಟರ್ ಕೆಲಸ ನೆರವಾಗುತ್ತದೆ. ಡಬ್ಬಿಯ ಮೇಲೆ "ಬಿಪಿ ಗುಣಪಡಿಸುತ್ತದೆ" ಎಂದು ಬರೆಯಲು ಮಾತ್ರ ಹೋಗಬೇಡಿ, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮ ಒಪ್ಪುವುದಿಲ್ಲ. ಮೀನಿನ ಅಲರ್ಜಿಯ ಎಚ್ಚರಿಕೆ ಬರೆಯಲೇಬೇಕು.

ಈ ವಾರ ಮಾಡಬಹುದಾದದ್ದು ಹೇಳುತ್ತೇನೆ. ಮುಂಜಾನೆಯ ಪಾಳಿಯಲ್ಲಿ ಚರ್ಮ ತೆಗೆದ ಕೂಡಲೇ ಐದು ಕಿಲೋ ಬೇರೆ ಟಬ್ಬಿಗೆ ಹಾಕಿಸಿ. ಕರುಳು ತಾಗದಂತೆ ನೋಡಿಕೊಳ್ಳಿ. ತಣ್ಣೀರಲ್ಲಿ ತೊಳೆದು ಅರ್ಧರ್ಧ ಕಿಲೋದ ಪ್ಯಾಕೆಟ್ ಮಾಡಿ ಮೈನಸ್ 20ರ ಫ್ರೀಜರಿಗೆ ಇಡಿ. ಪ್ರತಿ ಪ್ಯಾಕೆಟ್ಟಿನ ಮೇಲೂ ಮೀನಿನ ಹೆಸರು, ದೋಣಿಯಿಂದ ಇಳಿದ ದಿನ, ಐಸ್‌ನಲ್ಲಿದ್ದ ಗಂಟೆ ಬರೆಯಿರಿ. ಪೆನ್ಸಿಲ್ಲಿನಲ್ಲಿ ಬರೆಯಿರಿ, ಮಾರ್ಕರ್ ಫ್ರೀಜರಿನಲ್ಲಿ ಅಳಿಸಿಹೋಗುತ್ತದೆ. ಆ ಸಂಜೆಯೇ ಯೂನಿಪ್ರಾಟ್ ತೆರೆಯಿರಿ.